ತೂಕ ಇಳೀತು, ಶಕ್ತಿ ಎಲ್ಲಿ? ಆಪರೇಷನ್ ಥಿಯೇಟರ್‌ನಿಂದ ಗರಡಿ ಮನೆವರೆಗೆ ಒಂದು ಚರಿತ್ರೆ

ಭಾಗ 1/9 · ತಕ್ಕಡಿ ಹೇಳದ ಮಾತು

"ಅಯ್ಯೋ, ಎಷ್ಟು ಸಣ್ಣ ಆಗ್ಬಿಟ್ಟಿದ್ದೀರ! ಗುರುತೇ ಸಿಗ್ಲಿಲ್ಲ!"

ತೂಕ ಇಳಿಸೋ ಸರ್ಜರಿ ಆಗಿ ಆರು ತಿಂಗಳಾದವರು ಯಾವ ಮದುವೆ ಮನೆಗೆ ಹೋದ್ರೂ ಈ ಮಾತು ಕೇಳಿಸುತ್ತೆ. ಕೇಳೋಕೆ ಖುಷಿನೇ. ಹಳೇ ಬ್ಲೌಸು, ಹಳೇ ಪ್ಯಾಂಟು ಎಲ್ಲಾ ದೊಡ್ಡದಾಗಿದೆ. ಸಕ್ಕರೆ ಕಾಯಿಲೆ ಮಾತ್ರೆ ಕಡಿಮೆಯಾಗಿದೆ. ಮೊಣಕಾಲು ನೋವು ಹೋಗಿದೆ.

ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ನೆಲದ ಮೇಲೆ ಕೂತು ಪೂಜೆ ಮುಗಿಸಿದವರು ಯಾರ ಕೈನೂ ಹಿಡಿಯದೆ ಏಳ್ತೀರಾ? 20 ಲೀಟರ್ ನೀರಿನ ಕ್ಯಾನು ಎತ್ತಿ ಇಡ್ತೀರಾ? ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನ ಮಧ್ಯೆ ನಿಲ್ಲದೆ ಹತ್ತುತ್ತೀರಾ?

ತೂಕದ ಯಂತ್ರ ಇದಕ್ಕೆ ಉತ್ತರ ಹೇಳಲ್ಲ. ಅದಕ್ಕೆ ಕೊಬ್ಬು, ಸ್ನಾಯು, ನೀರು, ಮೂಳೆ ಎಲ್ಲಾ ಒಂದೇ. ಹತ್ತು ಕಿಲೋ ಇಳೀತು ಅಂತ ಹೇಳುತ್ತೆ, ಯಾವುದು ಇಳೀತು ಅಂತ ಹೇಳಲ್ಲ.

ಈ ಸರಣಿ ಬರೀತಿರೋದು ಆ "ಯಾವುದು" ಅನ್ನೋದಕ್ಕಾಗಿ. ನೀವು ಸರ್ಜರಿ ಮಾಡಿಸಿಕೊಂಡಿರಬಹುದು, ಮಾಡಿಸಿಕೊಳ್ಳೋ ಯೋಚನೆಯಲ್ಲಿರಬಹುದು, ಅಥವಾ ನಿಮ್ಮ ಅಕ್ಕನೋ ಭಾವನೋ ಮಾಡಿಸಿಕೊಂಡಿರಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯವರಿಗಂತೂ ಇದು ಪಕ್ಕದ ಮನೆ ವಿಷಯ.

ಒಂದು ಪದದಿಂದ ಶುರು ಮಾಡೋಣ. ಈ ಸರ್ಜರಿಗೆ ಡಾಕ್ಟರ್‌ಗಳು ಹೇಳೋ ಹೆಸರು "ಬೇರಿಯಾಟ್ರಿಕ್". ಗ್ರೀಕ್ ಭಾಷೆಯಲ್ಲಿ "ಬರೋಸ್" ಅಂದ್ರೆ ಭಾರ, "ಬರುಸ್" ಅಂದ್ರೆ ಭಾರವಾದದ್ದು. ಭಾಷಾಶಾಸ್ತ್ರದ ಪ್ರಕಾರ ಈ ಬರುಸ್ ಮತ್ತು ಸಂಸ್ಕೃತದ "ಗುರು" ಒಂದೇ ಬೇರಿನ ಪದಗಳು. ಗುರು ಅಂದ್ರೂ ಭಾರವುಳ್ಳದ್ದು ಅಂತಲೇ ಅರ್ಥ.

ಭಾರ ಇಳಿಸೋ ಚಿಕಿತ್ಸೆ ಮತ್ತು ಭಾರ ಎತ್ತೋದು ಕಲಿಸೋ ಗುರು, ಎರಡಕ್ಕೂ ಉದ್ದನೆಯ ಚರಿತ್ರೆ ಇದೆ. ಇಷ್ಟು ದಿನ ಇವೆರಡನ್ನೂ ಬೇರೆ ಬೇರೆಯಾಗೇ ಹೇಳ್ತಾ ಬಂದಿದ್ದೀವಿ. ಇಲ್ಲಿ ಒಟ್ಟಿಗೆ ಹೇಳ್ತೀನಿ.

ಭಾಗ 2/9 · 1954ರಿಂದ ಇಲ್ಲಿವರೆಗೆ

ಮೊದಲು ಸರ್ಜರಿ ಕಥೆ.

1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಜೊತೆಯವರು ಸಣ್ಣ ಕರುಳಿನ ದೊಡ್ಡ ಭಾಗವನ್ನ ಬದಿಗಿಟ್ಟು, ಊಟ ಬೇರೆ ದಾರಿಯಲ್ಲಿ ಹೋಗೋ ಹಾಗೆ ಮಾಡಿದ್ರು. ತಿಂದಿದ್ದು ಮೈಗೆ ಹತ್ತಲಿಲ್ಲ, ತೂಕ ಇಳೀತು. ಆದರೆ ಭೇದಿ, ಕಿಡ್ನಿ ಕಲ್ಲು, ಲಿವರ್ ತೊಂದರೆ, ಪೋಷಕಾಂಶಗಳ ಕೊರತೆ ಎಲ್ಲಾ ಹಿಂದೆಯೇ ಬಂತು. ಆ ವಿಧಾನವನ್ನ ಕೊನೆಗೆ ಕೈಬಿಡಬೇಕಾಯ್ತು.

1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಇನ್ನೊಂದು ವಿಷಯ ಗಮನಿಸಿದ್ರು. ಹುಣ್ಣಿಗೆ ಅಂತ ಹೊಟ್ಟೆಯ ಭಾಗ ತೆಗೆಸಿಕೊಂಡವರು ಸಣ್ಣ ಆಗ್ತಿದ್ದಾರೆ. ಚಿಕಾಶಿ ಇಟೋ ಜೊತೆ ಸೇರಿ ಅವರು ರೂಪಿಸಿದ್ದೇ ಗ್ಯಾಸ್ಟ್ರಿಕ್ ಬೈಪಾಸ್. 1990ರ ದಶಕದಲ್ಲಿ ಇದು ದೊಡ್ಡ ಗಾಯದ ಬದಲು ಸಣ್ಣ ರಂಧ್ರಗಳ ಲ್ಯಾಪ್ರೋಸ್ಕೋಪಿಗೆ ಬದಲಾಯ್ತು. ಆಮೇಲೆ ಬಂದ ಸ್ಲೀವ್ ಸರ್ಜರಿಯಲ್ಲಿ ಹೊಟ್ಟೆಯ ಸುಮಾರು 75ರಿಂದ 80% ಭಾಗ ತೆಗೆದು, ಉಳಿದದ್ದನ್ನ ಬಾಳೆಹಣ್ಣಿನ ಆಕಾರದ ಕೊಳವೆ ಮಾಡ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ತೆಗೆದುಹಾಕಿದ ಆ ಭಾಗದಲ್ಲೇ. ಅದಕ್ಕೇ ಸರ್ಜರಿ ನಂತರ ಮೊದಮೊದಲು ಹಸಿವೇ ಆಗಲ್ಲ.

ನಮ್ಮಲ್ಲಿ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ಪಾಲಿಸಿಗಳಿಗೆ ಒಂದೇ ಮಾದರಿಯ ಷರತ್ತು ತಂತು. ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಗಂಭೀರ ಕಾಯಿಲೆಗಳ ಜೊತೆ 35 ಇದ್ದರೆ ಈ ಸರ್ಜರಿಗೆ ದಾರಿ ಇದೆ ಅಂತಾಯ್ತು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡೋಣ. 2022ರ ಮೇ ತಿಂಗಳಲ್ಲಿ ರಾಜಾಜಿನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳೋಕೆ ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡ್ರು. ಆ ಸುದ್ದಿ ಬಂದಾಗ ಎಷ್ಟೋ ಮನೆಗಳಲ್ಲಿ "ತೂಕದ ಆಪರೇಷನ್ನೇ ಬೇಡ" ಅನ್ನೋ ಮಾತು ಬಂತು. ಆದರೆ ಚರ್ಮದ ಕೆಳಗಿನ ಕೊಬ್ಬು ತೆಗೆಯೋದು ಸೌಂದರ್ಯ ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ಕೆಲಸ ಮಾಡೋದು ಹೊಟ್ಟೆ, ಕರುಳಿನ ಮೇಲೆ. ಎರಡೂ ಬೇರೆ. ಎರಡರಲ್ಲೂ ಅಪಾಯ ಇದೆ, ಎರಡಕ್ಕೂ ಪೂರ್ತಿ ತಪಾಸಣೆ ಬೇಕು. ಆದರೆ ಒಂದರ ಹೆಸರಲ್ಲಿ ಇನ್ನೊಂದನ್ನ ತೂಗಬಾರದು.

ಇನ್ನೊಂದು ಮಾತು. ಈ ಎರಡರಲ್ಲಿ ಯಾವುದೂ ನಿಮಗೆ ಶಕ್ತಿ ಕೊಡಲ್ಲ. ಸರ್ಜರಿ ಕಳೆಯೋ ಲೆಕ್ಕ. ಕೂಡೋ ಲೆಕ್ಕ ನಮ್ಮದು.

ಭಾಗ 3/9 · 36 ಜನ, 24 ವಾರ

ಕಡಿಮೆ ತಿಂದು ತೂಕ ಇಳಿದಾಗ ಮೈಯಲ್ಲಿ ಏನಾಗುತ್ತೆ?

ಮೊದಲ ಬೈಪಾಸ್‌ಗೆ ಹತ್ತು ವರ್ಷ ಮುಂಚೆ, ಅದೇ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಶುರು ಮಾಡಿದ್ರು. 1944ನೇ ಇಸವಿ. ಯುದ್ಧದಿಂದ ಯುರೋಪಿನಲ್ಲಿ ಜನ ಹಸಿವಿನಿಂದ ಸಾಯ್ತಿದ್ರು, ಅವರನ್ನ ಮತ್ತೆ ಚೇತರಿಸೋದು ಹೇಗೆ ಅನ್ನೋದು ಪ್ರಶ್ನೆ. ಯುದ್ಧಕ್ಕೆ ಹೋಗಲ್ಲ ಅಂದ 36 ಯುವಕರು ಸ್ವಂತ ಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ರು. ತೂಕ ಸುಮಾರು ಕಾಲು ಭಾಗ ಇಳೀತು. ಜೊತೆಗೆ ಕೈಕಾಲಿನ ಕಸುವು ಹೋಯ್ತು. ಮೆಟ್ಟಿಲು ಹತ್ತೋಕೆ ಸುಸ್ತು, ಸದಾ ಚಳಿ, ಬೇಸರ.

ನಿಮಗೆ ಬೇಕಾದ ಪಾಠ ಆಮೇಲಿನದು. ಮತ್ತೆ ಊಟ ಕೊಟ್ಟಾಗ ಮೊದಲು ತಿರುಗಿ ಬಂದದ್ದು ಕೊಬ್ಬು. ಸ್ನಾಯು ಹಿಂದೆ ಉಳೀತು.

ಈಗ ಇವತ್ತಿನ ಸರ್ಜರಿಗೆ ಬರೋಣ. ಅಧ್ಯಯನಗಳನ್ನೆಲ್ಲಾ ಒಟ್ಟು ಸೇರಿಸಿ ನೋಡಿದಾಗ, ಮೊದಲ ವರ್ಷ ಇಳಿಯೋ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಕೊಬ್ಬಲ್ಲ. ಅದರಲ್ಲಿ ನೀರೂ ಇದೆ, ಸ್ನಾಯುವೂ ಇದೆ. ಹೀಗೆ ಹೋಗೋದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ 3 ತಿಂಗಳಲ್ಲೇ ಹೋಗುತ್ತೆ. ಅಂದ್ರೆ ಎಲ್ಲರೂ "ಸೂಪರ್" ಅಂತ ಹೊಗಳೋ ಆ ದಿನಗಳಲ್ಲೇ. ಬೈಪಾಸ್ ಆದವರಲ್ಲಿ ಮೂಳೆಯ ಸಾಂದ್ರತೆಯೂ ಕುಗ್ಗುತ್ತೆ.

ನಮಗೆ ಇದು ಇನ್ನೂ ಹೆಚ್ಚು ಮುಖ್ಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದ್ದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಮಾತ್ರ ಯಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ತೆಳ್ಳಗೆ ಕಂಡರೂ ಭಾರತೀಯರ ಮೈಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ ಅನ್ನೋದಕ್ಕೆ ಆ ಫೋಟೋ ಹೆಸರಾಯ್ತು.

ಮೊದಲೇ ಕಡಿಮೆ ಇರೋ ಗಂಟು ನಮ್ಮದು. ಅದರಲ್ಲೂ ಖರ್ಚು ಮಾಡಿದ್ರೆ ಉಳಿಯೋದೇನು?

ಭಾಗ 4/9 · 900 ವರ್ಷದ ಹಳೇ ಪಠ್ಯಕ್ರಮ

(ಫೋಟೋ: ಗೋಡೆಗೆ ಒರಗಿಸಿಟ್ಟ ಜೋಡಿ ಗದೆ)

ಸ್ನಾಯು ಕಟ್ಟೋದು ಹೇಗೆ ಅನ್ನೋ ಪ್ರಶ್ನೆಗೆ ನಮ್ಮ ನೆಲದಲ್ಲೇ ಹಳೇ ಉತ್ತರ ಇದೆ.

ಕಲ್ಯಾಣದ ಚಾಳುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ "ಮಾನಸೋಲ್ಲಾಸ" ಅನ್ನೋ ಸಂಸ್ಕೃತ ಗ್ರಂಥ ಬರೆಸಿದ. ಅಡುಗೆ, ಆನೆ, ಸಂಗೀತ, ವೈದ್ಯ ಎಲ್ಲಾ ಇರೋ ವಿಶ್ವಕೋಶ ಅದು. ಅದರಲ್ಲಿ "ಮಲ್ಲವಿನೋದ" ಅಂತ ಒಂದು ಅಧ್ಯಾಯ. ಜಟ್ಟಿಗಳನ್ನ ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕು. ಭಾರ ಎತ್ತೋದು, ನಡೆಯೋದು, ನೀರಿನಲ್ಲಿ ಈಜೋದು, ಕಂಬದ ಮೇಲೆ ಕಸರತ್ತು, ಇವೆಲ್ಲಾ ಅಭ್ಯಾಸದಲ್ಲಿರಬೇಕು. ಬೇಳೆಕಾಳು, ಮಾಂಸ, ಹಾಲು ಕೊಡೋದು ರಾಜನ ಜವಾಬ್ದಾರಿ.

ಸ್ವಲ್ಪ ನಿಧಾನವಾಗಿ ಓದಿ. ಮೊದಲು ನೀವು ಎಲ್ಲಿದ್ದೀರಿ ಅಂತ ಅಳತೆ. ಆಮೇಲೆ ಭಾರ, ನಡಿಗೆ, ಈಜು. ಜೊತೆಗೆ ಪ್ರೋಟೀನು. ಇವತ್ತು ಒಳ್ಳೇ ಫಿಸಿಯೋಥೆರಪಿಸ್ಟ್ ಹಾಕಿಕೊಡೋ ಪಟ್ಟಿ ಇದಕ್ಕಿಂತ ತುಂಬಾ ಬೇರೆ ಇರಲ್ಲ.

ಆ ಪಾಠ ಜನರ ನಡುವೆ ಉಳಿದದ್ದು ಗರಡಿ ಮನೆಗಳಲ್ಲಿ. ಬೆಂಗಳೂರು ಪೇಟೆಯ ಗರಡಿಗಳಿಗೂ ಕರಗದ ವೀರಕುಮಾರರಿಗೂ ಇವತ್ತಿಗೂ ನಂಟಿದೆ. ಗರಡಿಗೆ ಹೊಸದಾಗಿ ಬಂದ ಹುಡುಗ ಮೊದಲ ದಿನವೇ ಕುಸ್ತಿ ಹಿಡಿಯಲ್ಲ. ಎಣ್ಣೆ, ಅರಿಶಿನ ಬೆರೆಸಿದ ಕೆಂಪು ಮಣ್ಣಿನ ಮಟ್ಟಿ ಅಗೀತಾನೆ. ದಂಡ ಹೊಡೀತಾನೆ, ಬಸ್ಕಿ ಹೊಡೀತಾನೆ. ಎಣಿಕೆ ಏರ್ತಾ ಹೋಗುತ್ತೆ. ಹಗುರದ ಗದೆ ಕೈಗೆ ಪಳಗಿದ ಮೇಲೆ ಭಾರದ್ದು. ಯಾವಾಗ ಏರಿಸಬೇಕು ಅಂತ ಹೇಳೋನು ಉಸ್ತಾದ, ಹುಡುಗನ ಹುಮ್ಮಸ್ಸಲ್ಲ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋರನ್ನ ನೋಡಿದ್ದೀರಲ್ಲ? ಆ ಒಂದು ಎತ್ತಿನ ಹಿಂದೆ ಎಷ್ಟೋ ವರ್ಷದ ಸಣ್ಣ ಸಣ್ಣ ಎತ್ತುಗಳಿವೆ.

ಆದರೆ ಒಂದು ಎಚ್ಚರಿಕೆ. ಪೈಲ್ವಾನರ ವಿಧಾನ ತಗೊಳ್ಳಿ, ಅವರ ಲೋಟ ತಗೋಬೇಡಿ. ಸಕ್ಕರೆ ಹಾಕಿದ ಬಾದಾಮಿ ಹಾಲನ್ನ ಸರ್ಜರಿ ಆದ ಹೊಟ್ಟೆಗೆ ಒಮ್ಮೆಗೇ ಕುಡಿದರೆ ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಬರಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಡಾಕ್ಟರ್‌ಗಳು ಇದನ್ನ ಡಂಪಿಂಗ್ ಅಂತಾರೆ.

ಭಾಗ 5/9 · ಜಿಮ್ ನಡೆಸಿದ ಕಾದಂಬರಿಕಾರ

ಗರಡಿಯ ವಿದ್ಯೆ ಬಾಯಿಂದ ಬಾಯಿಗೆ ಹೋಗ್ತಿತ್ತು. ಅದು ಅಚ್ಚಿನ ಮನೆಗೂ ಬಂದದ್ದು ನಮ್ಮ ಬೆಂಗಳೂರಲ್ಲೇ. 1896ರಲ್ಲಿ ಇಲ್ಲಿನ ಕ್ಯಾಕ್ಸ್‌ಟನ್ ಪ್ರೆಸ್‌ನಿಂದ ಎಸ್. ಭಾರದ್ವಾಜ್ ಅವರ "ವ್ಯಾಯಾಮ ದೀಪಿಕೆ" ಹೊರಗೆ ಬಂತು, ಭಾರತೀಯ ಪದ್ಧತಿಯ ಕಸರತ್ತುಗಳ ಪುಸ್ತಕ. ಅದಕ್ಕೂ ಮುಂಚೆ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ "ಶ್ರೀತತ್ತ್ವನಿಧಿ" 122 ಆಸನಗಳನ್ನ ಚಿತ್ರಸಮೇತ ದಾಖಲಿಸಿತ್ತು.

ಆಮೇಲೆ ಬಂದವರು ಕೆ. ವಿ. ಅಯ್ಯರ್ (1897–1980).

ಸಾಹಿತ್ಯ ಓದೋರಿಗೆ ಇವರು "ಶಾಂತಲಾ", "ರೂಪದರ್ಶಿ" ಕಾದಂಬರಿಗಳ ಲೇಖಕ, ಕೈಲಾಸಂ ಅವರ ಒಡನಾಡಿ. ಆದರೆ ಅವರ ಕಾಲದ ಬೆಂಗಳೂರಿಗೆ ಅವರು ಮೊದಲು ಹರ್ಕ್ಯುಲಿಸ್ ಜಿಮ್ನೇಷಿಯಂನ ಅಯ್ಯರ್. ಗರಡಿಯ ಕಸರತ್ತು, ಪಶ್ಚಿಮದ ಬಾರ್‌ಬೆಲ್, ಸೂರ್ಯನಮಸ್ಕಾರ, ಆಸನ, ಎಲ್ಲವನ್ನೂ ಒಂದೇ ಸೂರಿನಡಿ ತಂದ್ರು. 1930ರಲ್ಲಿ "ಮಸಲ್ ಕಲ್ಟ್", 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದ್ರು. ಯೋಗದ ವಿಷಯದಲ್ಲಿ ಅವರ ಜೊತೆಗಾರರು ಬೆಂಗಳೂರಿನವರೇ ಆದ ಸುಂದರಂ.

ಅಯ್ಯರ್ ಅಂಚೆ ಮೂಲಕವೂ ವ್ಯಾಯಾಮ ಕಲಿಸ್ತಿದ್ರು. ದೂರದ ಊರಿನ ಶಿಷ್ಯರಿಗೆ ಪಾಠಗಳು ಲಕೋಟೆಯಲ್ಲಿ ಹೋಗ್ತಿದ್ವು. ಇವತ್ತು ವಾಟ್ಸಾಪ್‌ನಲ್ಲಿ ವರ್ಕೌಟ್ ಕಳಿಸೋ ಟ್ರೈನರ್‌ಗಳಿಗೆ ಅವರೇ ಅಜ್ಜ ಅನ್ನಬಹುದು.

ಅಯ್ಯರ್ ಈ ಸರಣಿಯಲ್ಲಿ ಯಾಕೆ ಬಂದ್ರು? ಕುಸ್ತಿ ಅಖಾಡಕ್ಕೆ ಇಳಿಯದ ಜನಕ್ಕೂ ಬಲ ಬೇಕು ಅಂತ ಅವರು ಹೇಳಿದ್ರು. ಗುಮಾಸ್ತ, ವಿದ್ಯಾರ್ಥಿ, ವಕೀಲ, ಮೇಜಿನ ಮುಂದೆ ಕೂತು ದುಡಿಯೋ ಎಲ್ಲರನ್ನೂ ಅವರು ಕರೆದದ್ದು ಪದಕ ಗೆಲ್ಲೋಕಲ್ಲ, ಆರೋಗ್ಯಕ್ಕೆ. ಗರಡಿಯಲ್ಲಿ ಬಲ ಅಂದ್ರೆ ಎದುರಾಳಿಯನ್ನ ಚಿತ್ ಮಾಡೋದು. ಅಯ್ಯರ್ ಅವರ ಜಿಮ್‌ನಲ್ಲಿ ಬಲ ಅಂದ್ರೆ ನಿಮ್ಮ ಮೈ ನಿಮ್ಮ ಮಾತು ಕೇಳೋದು.

ಸರ್ಜರಿ ಆದವರಿಗೆ ಬೇಕಾಗಿರೋದು ಈ ಎರಡನೇ ಅರ್ಥದ ಬಲ. ಜಿಮ್ ಗೋಡೆಯ ಮೇಲಿನ ಸಿಕ್ಸ್ ಪ್ಯಾಕ್ ಪೋಸ್ಟರ್ ನೋಡಿ ಹಿಂದೆ ಸರೀಬೇಡಿ. ಅದು ನಿಮ್ಮ ಪಠ್ಯ ಅಲ್ಲ.

ಭಾಗ 6/9 · ಯಾರೂ ವ್ಯಾಯಾಮ ಅನ್ನದ ವ್ಯಾಯಾಮ

(ಫೋಟೋ: ಹಳೇ ಮನೆಯ ಹಿತ್ತಿಲಲ್ಲಿ ಕವುಚಿ ಹಾಕಿದ ಒರಳುಕಲ್ಲು)

ಇಲ್ಲಿವರೆಗೆ ಹೇಳಿದ್ದು ಹೆಚ್ಚುಕಮ್ಮಿ ಗಂಡಸರ ಚರಿತ್ರೆ. ಗರಡಿಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಆದರೆ ಜಗತ್ತಿನಾದ್ಯಂತ ತೂಕ ಇಳಿಸೋ ಸರ್ಜರಿ ಮಾಡಿಸಿಕೊಳ್ಳೋರಲ್ಲಿ ಹೆಚ್ಚಿನವರು ಹೆಂಗಸರೇ. ಹಾಗಾದ್ರೆ ಅವರ ಬಲದ ಚರಿತ್ರೆ ಎಲ್ಲಿದೆ?

ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಬಾವಿಕಟ್ಟೆಯಲ್ಲಿ. ಬೀಸೋ ಕಲ್ಲು ತಿರುಗಿಸಿದ್ದು ಭುಜಕ್ಕೆ. ಒನಕೆ ಎತ್ತಿ ಕುಟ್ಟಿದ್ದು ಬೆನ್ನಿಗೆ, ತೋಳಿಗೆ. ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆದು ಎದ್ದದ್ದು ತೊಡೆಗೆ. ಬಾವಿಯಿಂದ ನೀರು ಸೇದಿದ್ದು ಹಿಡಿತಕ್ಕೆ. ಯಾರೂ ಇದನ್ನ ವ್ಯಾಯಾಮ ಅನ್ನಲಿಲ್ಲ, ಕೆಲಸ ಅಂದ್ರು. ಅದರಲ್ಲಿ ದಣಿವಿತ್ತು, ಬಿಡುವಿರಲಿಲ್ಲ, ಹೊಟ್ಟೆತುಂಬ ಊಟವೂ ಎಷ್ಟೋ ಮನೆಗಳಲ್ಲಿ ಇರಲಿಲ್ಲ. ಅದನ್ನ ಹಾಡಿ ಹೊಗಳೋದು ಬೇಡ. ಆದರೆ ಮೈಮೇಲೆ ದಿನಾ ಭಾರ ಬೀಳ್ತಿತ್ತು ಅನ್ನೋದು ನಿಜ.

ಪಶ್ಚಿಮ ಬೆಂಗಳೂರು ಕಟ್ಟಿದ್ದೇ ಮೈಕೈ ದುಡಿಸೋ ಜನ. 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ಲು ಅಂತ ಹೆಸರಾದ ಗಿರಣಿ ಬಿನ್ನಿಪೇಟೆಗೆ ಹೆಸರು ಕೊಡ್ತು. 1949ರಲ್ಲಿ ರಾಜಾಜಿ ಅವರ ಹೆಸರಿನಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರ ಶುರುವಾಯ್ತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಈ ಕಡೆಗೆ ಬಂತು. ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಬಂತು. ಸೈಕಲ್ಲಲ್ಲಿ ಶಿಫ್ಟಿಗೆ ಹೋಗೋರ ಊರು ಇದು.

ಒಂದೆರಡು ತಲೆಮಾರಲ್ಲಿ ಒರಳಿನ ಜಾಗಕ್ಕೆ ಮಿಕ್ಸಿ, ಬಾವಿಯ ಜಾಗಕ್ಕೆ ನಲ್ಲಿ, ಸೈಕಲ್ ಜಾಗಕ್ಕೆ ಸ್ಕೂಟರ್, ಮೆಟ್ಟಿಲಿನ ಜಾಗಕ್ಕೆ ಲಿಫ್ಟ್ ಬಂತು. ಬರಲೇಬೇಕಿತ್ತು, ಒಳ್ಳೇದೇ ಆಯ್ತು. ಆದರೆ ಭಾರ ಹೋದ ಜಾಗಕ್ಕೆ ನಾವು ಬೇರೆ ಭಾರ ತಂದುಕೊಳ್ಳಲಿಲ್ಲ.

ಅದಕ್ಕೇ ಇವತ್ತು ಬಸವೇಶ್ವರನಗರದ ಒಬ್ಬ ತಾಯಿ ಡಂಬ್‌ಬೆಲ್ ಹಿಡಿದ್ರೆ ಅದು ಫ್ಯಾಷನ್ ಅಲ್ಲ. ಅವರ ಅಜ್ಜಿಯ ತೋಳಲ್ಲಿದ್ದ ಕಸುವನ್ನ, ಅಜ್ಜಿಯ ದಣಿವಿಲ್ಲದೆ, ವಾಪಸ್ ತಗೊಳ್ಳೋದು.

ಭಾಗ 7/9 · ಹಾಸಿಗೆ ಬಿಟ್ಟು ಎದ್ದವರು

"ಆಪರೇಷನ್ ಆಗಿದೆ, ಅಲ್ಲಾಡ್ಬೇಡ, ಮಲಕ್ಕೋ."

ಪ್ರೀತಿಯಿಂದ ಹೇಳೋ ಮಾತು. ಒಂದು ಕಾಲದಲ್ಲಿ ಡಾಕ್ಟರ್‌ಗಳೂ ಇದನ್ನೇ ಹೇಳ್ತಿದ್ರು. ಹೊಟ್ಟೆ ಆಪರೇಷನ್ ಆದವರನ್ನ ವಾರಗಟ್ಟಲೆ ಹಾಸಿಗೆಯಲ್ಲೇ ಇಡ್ತಿದ್ರು. 1899ರಲ್ಲಿ ಶಿಕಾಗೋದ ಎಮಿಲ್ ರೀಸ್ ಅನ್ನೋ ಸರ್ಜನ್, ರೋಗಿಗಳನ್ನ ಬೇಗ ಎಬ್ಬಿಸಿ ನಡೆಸಿದ್ರೆ ಚೇತರಿಕೆ ಚೆನ್ನಾಗಿರುತ್ತೆ ಅಂತ ಬರೆದ್ರು. ಹೆಚ್ಚು ಜನ ಕಿವಿಗೆ ಹಾಕ್ಕೊಳ್ಳಲಿಲ್ಲ. 1940ರ ದಶಕದಲ್ಲಿ ಡೆಟ್ರಾಯಿಟ್‌ನ ಡೇನಿಯಲ್ ಲೈಟ್‌ಹೌಸರ್ ಮತ್ತೆ ಅದನ್ನೇ ಒತ್ತಿ ಹೇಳಿದ್ರು. ಯುದ್ಧದ ಕಾಲ, ಆಸ್ಪತ್ರೆ ಹಾಸಿಗೆ ಸಾಲದು. ಆಗ ಜಗತ್ತು ಒಪ್ಪಿತು. ಇವತ್ತು ಬೇರಿಯಾಟ್ರಿಕ್ ಸರ್ಜರಿ ಆದ ದಿನವೇ ಅಥವಾ ಮಾರನೇ ದಿನ ನರ್ಸ್ ಬಂದು "ಎದ್ದೇಳಿ, ನಡೀರಿ" ಅನ್ನೋದು ಈ ಚರಿತ್ರೆಯಿಂದ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು, ಶ್ವಾಸಕೋಶ ತೆರೆದುಕೊಳ್ಳಬೇಕು ಅಂತ.

ಅದೇ ಯುದ್ಧ ಕಾಲದಲ್ಲಿ ಶಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ವೈದ್ಯ ಇದ್ರು. ಚಿಕ್ಕಂದಿನಲ್ಲಿ ಸಂಧಿವಾತ ಜ್ವರದಿಂದ ಮಲಗಿದ್ದವರು, ಆಮೇಲೆ ಭಾರ ಎತ್ತಿ ಮೈ ಕಟ್ಟಿಕೊಂಡಿದ್ರು. ಮೊಣಕಾಲು ಪೆಟ್ಟಾದ ಸೈನಿಕರ ಕಾಲಿಗೆ ಕಬ್ಬಿಣದ ಬೂಟು ಕಟ್ಟಿ, ವಾರ ವಾರ ಭಾರ ಏರಿಸಿದ್ರು. 1948ರ ಹೊತ್ತಿಗೆ ಅವರ ಸೂತ್ರ ಸರಳವಾಯ್ತು. ಒಬ್ಬರು ಹತ್ತೇ ಸಲ ಎತ್ತಬಲ್ಲ ಭಾರ ಎಷ್ಟು ಅಂತ ನೋಡಿ. ಅದರ ಅರ್ಧ ಭಾರ 10 ಸಲ, ಮುಕ್ಕಾಲು ಭಾರ 10 ಸಲ, ಪೂರ್ತಿ ಭಾರ 10 ಸಲ. ಇವತ್ತು ಪ್ರತಿ ಜಿಮ್‌ನಲ್ಲೂ ಕೇಳೋ "ಮೂರು ಸೆಟ್, ಹತ್ತು ರೆಪ್" ಬೆಳೆದದ್ದು ಇಂಥ ಚಿಕಿತ್ಸೆಯ ಕೋಣೆಯಲ್ಲಿ.

"ನಂಗೆ ವಯಸ್ಸಾಯ್ತು" ಅಂತೀರಾ? 1990ರಲ್ಲಿ ಮರಿಯಾ ಫಿಯಟರೋನ್ ಮತ್ತು ಜೊತೆಯವರು ವೃದ್ಧಾಶ್ರಮದ ಹತ್ತು ಜನರನ್ನ ಆರಿಸಿಕೊಂಡ್ರು. ಸರಾಸರಿ ವಯಸ್ಸು 90. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ರು. ತೊಡೆಯ ಬಲ ಸರಾಸರಿ 174% ಹೆಚ್ಚಾಯ್ತು. ಇಬ್ಬರು ಊರುಗೋಲು ಬಿಟ್ಟು ನಡೆದ್ರು.

ಮಟ್ಟಿ ಅಗೆಯೋ ಹುಡುಗ, ಕಬ್ಬಿಣದ ಬೂಟಿನ ಸೈನಿಕ, 90ರ ಅಜ್ಜಿ. ನಿಯಮ ಒಂದೇ: ಇವತ್ತು ಆಗೋದರಿಂದ ಶುರು, ನಾಳೆ ಒಂದು ಚೂರು ಜಾಸ್ತಿ.

ಭಾಗ 8/9 · ಈಗ ನಿಮ್ಮ ಸರದಿ

ಚರಿತ್ರೆ ಓದಿದ್ದು ಸಾಕು, ಇದನ್ನ ಮೈಗೆ ಹಚ್ಚೋದು ಹೇಗೆ? ಇದು ಸಾಮಾನ್ಯ ದಾರಿ. ನಿಮ್ಮ ಸರ್ಜನ್ ಬೇರೆ ಹೇಳಿದ್ರೆ ಅವರ ಮಾತೇ ಕೊನೆ.

ಮೊದಲ ವಾರಗಳು: ನಡಿಗೆ. ಮನೆಯೊಳಗೆ, ಆಮೇಲೆ ಬೀದಿಯ ಕೊನೆವರೆಗೆ, ಆಮೇಲೆ ಪಾರ್ಕು. ಸಲ ಹೆಚ್ಚು, ದೂರ ಕಡಿಮೆ. ಸಾಮಾನ್ಯವಾಗಿ 4ರಿಂದ 6 ವಾರ ಭಾರ ಎತ್ತಬೇಡಿ ಅಂತಾರೆ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಎತ್ತಿಕೊಳ್ಳೋ ಅಂತ ಅಳೋ ಮೊಮ್ಮಗು, ಎಲ್ಲಾ ಭಾರವೇ. ಒಳಗಿನ ಹೊಲಿಗೆ ಕಣ್ಣಿಗೆ ಕಾಣಲ್ಲ, ನೆನಪಿಡಿ.

ಒಪ್ಪಿಗೆ ಸಿಕ್ಕ ಮೇಲೆ: ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಅದು ಬಸ್ಕಿಯ ತಂಗಿ. ಗೋಡೆಗೆ ಕೈ ಕೊಟ್ಟು ತಳ್ಳೋದು, ಅದು ದಂಡದ ತಂಗಿ. ನೀರಿನ ಬಾಟಲಿ, ರಬ್ಬರ್ ಬ್ಯಾಂಡ್. ಆಮೇಲೆ ಡಂಬ್‌ಬೆಲ್. ಉಸಿರು ಬಿಗಿ ಹಿಡಿಯಬೇಡಿ.

ಗುರಿ: ಬೇರಿಯಾಟ್ರಿಕ್ ಮಾರ್ಗಸೂಚಿಗಳು ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ನಿಧಾನವಾಗಿ 300ರ ಕಡೆಗೆ. ಜೊತೆಗೆ ವಾರಕ್ಕೆ 2–3 ದಿನ ಭಾರದ ವ್ಯಾಯಾಮ. ನಮ್ಮವರು ಎಡವೋದು ಇಲ್ಲೇ. ವಾಕಿಂಗ್ ಮಾಡ್ತಾರೆ, ಭಾರ ಬಿಡ್ತಾರೆ. ನಡಿಗೆ ಹೃದಯಕ್ಕೆ ಒಳ್ಳೇದು, ತೋಳು, ಬೆನ್ನು, ಮೂಳೆಗೆ ಅದೊಂದೇ ಸಾಲದು.

ಊಟ: ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಅಷ್ಟೇ, ಲೆಕ್ಕ ಹಾಕಿ ನೋಡಿ. ಸಣ್ಣ ಹೊಟ್ಟೆಯಲ್ಲಿ ಜಾಗ ಕಡಿಮೆ, ಆದ್ದರಿಂದ ತಟ್ಟೆಯಲ್ಲಿ ಮೊದಲು ಪ್ರೋಟೀನು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಗಟ್ಟಿ ಮೊಸರು, ಪನೀರು, ಮೊಟ್ಟೆ, ಮೀನು, ಕೋಳಿ, ಸೋಯಾ, ಹೆಸರುಬೇಳೆ. ತಿಳಿಸಾರಿನ ತಿಳಿಯಲ್ಲಿ ಬೇಳೆ ಎಷ್ಟಿದೆ ಅಂತ ನಿಮಗೇ ಗೊತ್ತು.

ಮುದ್ದೆ ಪ್ರಿಯರಿಗೆ ಒಂದು ಮಾತು. ನಾವು ಮುದ್ದೆ ಅಗಿಯಲ್ಲ, ನುಂಗ್ತೀವಿ. ಸರ್ಜರಿ ನಂತರದ ಮೊದಲ ನಿಯಮವೇ ಚೆನ್ನಾಗಿ ಅಗಿಯೋದು. ಮುದ್ದೆ ಯಾವಾಗ, ಎಷ್ಟು ಅನ್ನೋದನ್ನ ಡಯಟೀಷಿಯನ್ ಹತ್ರ ಕೇಳಿಯೇ ಶುರು ಮಾಡಿ.

ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ "ಈಗ ಚೆನ್ನಾಗಿದ್ದೀನಲ್ಲ" ಅಂತ ನಿಲ್ಲಿಸಬೇಡಿ. ಇವು ಜೀವನಪೂರ್ತಿ. ತಲೆಸುತ್ತು, ಎದೆನೋವು, ವಿಪರೀತ ಸುಸ್ತು, ನಿಲ್ಲದ ವಾಂತಿ ಇದ್ರೆ ಅವತ್ತು ವ್ಯಾಯಾಮ ಬೇಡ, ಆಸ್ಪತ್ರೆಗೆ ಫೋನ್ ಮಾಡಿ.

ಭಾಗ 9/9 · ನಮ್ಮ ಏರಿಯಾನೇ ಗರಡಿ

"ಸರಿ, ಎಲ್ಲಿ ಮಾಡೋದು? ಜಿಮ್‌ಗೆ ಹೋಗೋಕೆ ಸಂಕೋಚ."

ಸಂಕೋಚ ಸಹಜ. ಸರ್ಜರಿ ವಿಷಯ ಎಷ್ಟೋ ಜನ ಸಂಬಂಧಿಕರಿಗೂ ಹೇಳಿರಲ್ಲ. "ಅಡ್ಡದಾರಿ ಹಿಡಿದ್ರು" ಅನ್ನೋ ಬಾಯಿಗಳಿಗೆ ಹೆದರಿ ಸುಮ್ಮನಿರ್ತಾರೆ. ಎಂಟು ಭಾಗ ಓದಿದ ನಿಮಗೆ ಗೊತ್ತಾಗಿದೆ, ಇದು ಅಡ್ಡದಾರಿ ಅಲ್ಲ. ಅರ್ಧ ದಾರಿಯನ್ನ ಸರ್ಜನ್ ನಡೆಸ್ತಾರೆ, ಮಿಕ್ಕಿದ್ದು ನಿಮ್ಮ ಕಾಲಿನದ್ದು.

ಪಶ್ಚಿಮ ಬೆಂಗಳೂರಲ್ಲಿ ಆ ಮಿಕ್ಕಿದ ದಾರಿಗೆ ಜಾಗ ಬೇಕಾದಷ್ಟಿದೆ. ಬಡಾವಣೆಯ ಪಾರ್ಕುಗಳಲ್ಲಿ ಓಪನ್ ಜಿಮ್ ಇದೆ, ದುಡ್ಡಿಲ್ಲ. ಕೆಂಗೇರಿ, ನಾಗರಭಾವಿ ಕಡೆಯವರಿಗೆ ಜ್ಞಾನಭಾರತಿ ಆವರಣದ ಮರಗಳ ನೆರಳಿದೆ. ಇನ್ನು ಮೆಟ್ರೋ. 2014ರಲ್ಲಿ ರಾಜಾಜಿನಗರಕ್ಕೆ ಹಸಿರು ಮಾರ್ಗ ಬಂತು. 2015ರಲ್ಲಿ ನೇರಳೆ ಮಾರ್ಗ ಮಾಗಡಿ ರಸ್ತೆಯಿಂದ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ದಾಟಿ ಮೈಸೂರು ರಸ್ತೆವರೆಗೆ ಹೋಯ್ತು, 2021ರಲ್ಲಿ ಕೆಂಗೇರಿ ಮುಟ್ಟಿತು. ಎತ್ತರದ ಸ್ಟೇಷನ್ನುಗಳು, ಒಳ್ಳೇ ಮೆಟ್ಟಿಲು, ಹಿಡಿಯೋಕೆ ಕಂಬಿ, ಸುಸ್ತಾದ್ರೆ ವಾಪಸ್ ಬರೋಕೆ ಲಿಫ್ಟು. ಡಿಲಾರ್ಮ್ ನೋಡಿದ್ರೆ ಖುಷಿ ಪಡ್ತಿದ್ರು. ಮೊದಲ ವಾರ ಒಂದು ಹಂತ ಹತ್ತಿ, ಮಿಕ್ಕಿದ್ದು ಎಸ್ಕಲೇಟರ್. ಮುಂದಿನ ವಾರ ಎರಡು ಹಂತ.

ಗರಡಿಯಿಂದ ತಗೋಬೇಕಾದ ಇನ್ನೊಂದು ವಿಷಯ ಉಳಿದಿದೆ. ಅಲ್ಲಿ ಯಾರೂ ಒಬ್ಬರೇ ಸಾಮು ಮಾಡ್ತಿರಲಿಲ್ಲ. ಎಣಿಸೋಕೆ ಒಬ್ಬ, ಹುರಿದುಂಬಿಸೋಕೆ ಒಬ್ಬ, ತಪ್ಪು ತಿದ್ದೋಕೆ ಉಸ್ತಾದ. ನಿಮಗೂ ಅಂಥವರು ಬೇಕು. ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಹತ್ರ ಸರಿಯಾದ ಭಂಗಿ ಕಲೀರಿ. ಜಿಮ್ ಟ್ರೈನರ್‌ಗೆ ಸರ್ಜರಿ ಆಗಿದೆ ಅಂತ ಹೇಳಿ, ಮುಚ್ಚಿಡಬೇಡಿ. ಮನೆಯಲ್ಲಿ ಒಬ್ಬರನ್ನ ಎಣಿಸೋಕೆ ಕೂರಿಸಿ, ಮಕ್ಕಳು ಖುಷಿಯಿಂದ ಎಣಿಸ್ತಾರೆ.

ತೂಕ ಬರೆಯೋ ಡೈರಿಯಲ್ಲಿ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ. 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದೆ? ತಿಂಗಳಿಗೊಮ್ಮೆ ಬರೀರಿ. ಮೊದಲ ಕಾಲಂನ ಅಂಕಿ ಒಂದು ದಿನ ಇಳಿಯೋದು ನಿಲ್ಲುತ್ತೆ, ನಿಲ್ಲಲೇಬೇಕು. ಆ ದಿನ ಎಷ್ಟೋ ಜನ "ಇನ್ನು ಮುಗೀತು" ಅಂತ ಕೈಚೆಲ್ತಾರೆ. ಎರಡನೇ ಕಾಲಂ ಆಗಲೂ ಏರ್ತಾ ಇರುತ್ತೆ.

ನಿಮ್ಮ ಎರಡನೇ ಕಾಲಂನ ಇವತ್ತಿನ ಅಂಕಿ ಎಷ್ಟು? ಕಮೆಂಟ್‌ನಲ್ಲಿ ಬರೀರಿ. ಎರಡೇ ಆದ್ರೂ ಪರವಾಗಿಲ್ಲ. ಇದು ಬೇಕಾದವರು ಯಾರಾದ್ರೂ ನಿಮ್ಮ ಮನೇಲಿದ್ರೆ ಸೇವ್ ಮಾಡಿ ಕಳಿಸಿ.

#ಬೆಂಗಳೂರುಚರಿತ್ರೆ #ಗರಡಿಮನೆ #ಕೆವಿಅಯ್ಯರ್ #ರಾಜಾಜಿನಗರ #ವಿಜಯನಗರ #ಬಸವೇಶ್ವರನಗರ #ಕೆಂಗೇರಿ #ಎರಡನೇಕಾಲಂ